ಸರ್ದಾರನಿಗೆ ಕೊಬ್ಬರಿ ತಿನ್ನಿಸಿದವನು

ಕಳೆದ ವಾರ ಸೊರಬದ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಹಮಾಲನೊಬ್ಬ ಒಣಕೊಬ್ಬರಿ ಚೀಲದ ಹೊಲಿಗೆ ಬಿಚ್ಚಿದ. ಆ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಗು ಮುಚ್ಚಿಕೊಂಡು ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಂಗಡಿಯವರು, "ಎಂತ ಆಯ್ತು ಮಾರಾಯ್ರೆ? ಮಾಲು ಹೊಸದೇ, ಮುಗ್ಗಲಾಗಿಲ್ಲ" ಎಂದು ಕೊಬ್ಬರಿಯ ಪರವಾಗಿ ವಕಾಲತ್ತು ವಹಿಸಿದರು. ಕೊಬ್ಬರಿಯ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು, ಅದೂ ನಾಲ್ಕು ವರ್ಷದ ಹಿಂದಿನದು.

ನಾನು ಮುಂಗೋಪಿ. ಶಿಕಾರಿಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ಗಿರಾಕಿಗಳ ಜತೆ ನಯವಾಗಿ ಮಾತಾಡಿದ್ದರೂ ನನ್ನ ಕೋಪ ಇನ್ನೂ ಮೂಗಿನ ತುದಿಯಲ್ಲೇ ಇದೆ. ಆ ದಿನ ನಾನು ಕೈ ಎತ್ತಿದ್ದು ಕೋಪದಿಂದಲೇ ಎಂದು ಊರೆಲ್ಲ ನಂಬಿತು. ನಾನೂ ಹಾಗೇ ನಂಬಿಕೊಂಡು ನೆಮ್ಮದಿಯಾಗಿರಲು ನೋಡಿದೆ, ಆಗಲಿಲ್ಲ.

ಆ ವರ್ಷ ಮುಂಗಾರು ಬಂದದ್ದೇ ಜಗಳಕ್ಕೆ. ಆರಿದ್ರಾ ಮಳೆ ಗಾಳಿಯನ್ನು ಜತೆಗೆ ಕರೆದುಕೊಂಡು ನುಗ್ಗಿ, ತಾಳಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಎರಡು ಮನೆಯ ತಗಡು ಕಿತ್ತೊಗೆದು, ಮೊಣಕಾಲೆತ್ತರದ ಮೆಕ್ಕೆಜೋಳವನ್ನು ನೆಲಕ್ಕೆ ಬಾಗಿಸಿತ್ತು. ಅದೇ ವಾರ ಕೃಷಿ ಕಾಲೇಜಿನ ಪ್ರೊಫೆಸರರೊಬ್ಬರು ಫೋನ್ ಮಾಡಿದರು. ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳುವಿನ ಮೇಲೆ ಪ್ರಯೋಗ ಮಾಡಲು ನಮ್ಮ ಹೊಲದಲ್ಲಿ ಒಂದೆಕರೆ ಬೇಕಿತ್ತು. ವಿದೇಶಿ ವಿದ್ಯಾರ್ಥಿಯೊಬ್ಬ ಕೊಯ್ಲಿನ ತನಕ ನಮ್ಮಲ್ಲೇ ಇದ್ದು ಮಾಡುತ್ತಾನೆ ಎಂದರು. ಒಪ್ಪಿಕೊಂಡೆ. ವಿದೇಶಿ ಎಂದರೆ ಬಿಳಿಯ ಎಂದುಕೊಂಡಿದ್ದೆ, ನನ್ನ ತಿಳಿವಳಿಕೆ ಅಷ್ಟೇ.

ಕರೆದುಕೊಂಡು ಬರಲು ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಹೋದಾಗ ಅಲ್ಲಿ ಆಗಲೇ ಜನ ಸುತ್ತುಗಟ್ಟಿದ್ದರು. ನಡುವೆ ಆರೂವರೆ ಅಡಿಯ ಹುಡುಗ, ಕಪ್ಪೆಂದರೆ ಕಪ್ಪು. ಹಣೆಯ ಮೇಲೆ ಉದ್ದಕ್ಕೂ ಗಾಯದ ಗೆರೆಗಳು, ಕೈಯಲ್ಲಿ ಒಂದು ಟ್ರಂಕು. ಕಾಲೇಜು ಹುಡುಗನೊಬ್ಬ ಹೇಳದೆ ಕೇಳದೆ ಅವನ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆಯುತ್ತಿದ್ದ. ಇನ್ನೊಬ್ಬ ಹಿಂದಿನಿಂದ ಕೂದಲು ಮುಟ್ಟಿ, "ಸ್ಪಂಜಲೇ, ಸ್ಪಂಜು!" ಎಂದು ಕಿರುಚಿದ. ನಾನು ನೋಡುತ್ತಿದ್ದಂತೆ ಆ ಎತ್ತರದವನು ಫೋನು ಕಸಿದು ಸಿಮೆಂಟಿನ ನೆಲಕ್ಕೆ ಅಪ್ಪಳಿಸಿದ. ಆಮೇಲೆ ಯಾರು ಯಾರಿಗೆ ಹೊಡೆದರೋ ಗೊತ್ತಿಲ್ಲ. ನಾನು ನುಗ್ಗಿ ಇಬ್ಬರನ್ನು ತಳ್ಳಿ, ಒಬ್ಬನ ಕಾಲರ್ ಹಿಡಿದು, "ನಮ್ಮ ಮನೆಗೆ ಬಂದೋನು ಕಣ್ರಲೇ, ಮುಟ್ಟಿದ್ರೆ ನೋಡ್ರಿ" ಎಂದು ಅಬ್ಬರಿಸಿ ಅವನನ್ನು ಬೈಕಿಗೆ ಹತ್ತಿಸಿಕೊಂಡೆ. ಕೆಳತುಟಿ ಒಡೆದು ಅವನ ಅಂಗಿಯ ಮೇಲೆ ರಕ್ತ ಸುರಿದಿತ್ತು. ಅಷ್ಟು ಕಡು ಬಣ್ಣದ ಮೈಯಿಂದ ನಮ್ಮಷ್ಟೇ ಕೆಂಪು ರಕ್ತ ಬಂದದ್ದು ನೋಡಿ ನನಗೆ ಆಶ್ಚರ್ಯವಾಯಿತು. ಹಾಗೆ ಆಶ್ಚರ್ಯಪಟ್ಟಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೆಸರು ಮಜೋಕ್ ಎಂದ. ದಕ್ಷಿಣ ಸುಡಾನಿನವನು, ಇಪ್ಪತ್ತಾರು ವರ್ಷ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ, ನನ್ನದು ಅಂಗಡಿ ಇಂಗ್ಲಿಷು. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ಈ ದೇಶಕ್ಕೆ ಬಂದು ಒಂದು ವರ್ಷವಾಯಿತು. ಬೀದಿಯಲ್ಲಿ ಎಲ್ಲರೂ ನನ್ನ ಎತ್ತರ ಕೇಳುತ್ತಾರೆ. ಹೆಸರು ಕೇಳಿದವರಲ್ಲಿ ನೀವು ಮೊದಲಿಗರು."

ನಮ್ಮದು ಒಟ್ಟು ಕುಟುಂಬ. ಅಣ್ಣ ಬಸಣ್ಣ ಹೊಲ, ದನ ನೋಡಿಕೊಳ್ಳುವವನು, ಅಂಗಡಿ ನನ್ನದು, ಮನೆಯ ಯಜಮಾನಿಕೆ ಅತ್ತಿಗೆಯದು. ಮಜೋಕನಿಗೆ ಹಿತ್ತಲ ಕಡೆಯ ಕೋಣೆ ಕೊಟ್ಟೆವು. ಮೊದಲ ಹದಿನೈದು ದಿನ ಅವನು ಹೊಲಕ್ಕೆ ಹೋಗಿ ಬರುವುದು, ಬಾಗಿಲು ಹಾಕಿಕೊಳ್ಳುವುದು, ಅಷ್ಟೇ. ಅನ್ನ ಸಾರು ಇಟ್ಟರೆ ಹಾಗೇ ಇರುತ್ತಿತ್ತು. ಒಂದು ಮಧ್ಯಾಹ್ನ ಗೋಡೆಯಿಂದ ಧಬ್ ಧಬ್ ಎಂದು ಸದ್ದು ಬಂತು. ಹೋಗಿ ನೋಡಿದರೆ ಗೋಡೆಗೆ ಗುದ್ದುತ್ತಿದ್ದ. ಗಾರೆ ಉದುರಿತ್ತು, ಗೆಣ್ಣಿನ ಚರ್ಮ ಸುಲಿದಿತ್ತು. ನನ್ನ ಗೋಡೆ ಎಂದು ನನಗೆ ಸಿಟ್ಟು ಬಂತು. ಅತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿದರು.

"ಬೈಬ್ಯಾಡ ಮಹೇಶ. ನಾನು ಸೊರಬದ ಜಡೆ ಊರ ಕಡೆಯಿಂದ ಈ ಮನೆಗೆ ಮದುವೆಯಾಗಿ ಬಂದ ವರ್ಷ ಹಿಂಗೇ ಇದ್ದೆ. ನಿಮ್ಮ ಜೋಳದ ರೊಟ್ಟಿ ಗಂಟಲಲ್ಲಿ ಇಳೀತಿರಲಿಲ್ಲ, ನಿಮ್ಮ ಮಾತು ಕೇಳಿದ್ರೆ ಜಗಳ ಆಡ್ತಾರೆ ಅನ್ಸೋದು. ಗೋಡೆ ಗುದ್ದೋ ಧೈರ್ಯ ಇರಲಿಲ್ಲ ನೋಡು, ಅಷ್ಟೇ."

ಅತ್ತಿಗೆ ಅವನ ಕೈಗೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದರು. ನೀನು ನಿಮ್ಮೂರಲ್ಲಿ ಏನು ತಿನ್ನುತ್ತಿದ್ದೆ ಎಂದು ನನ್ನಿಂದ ಕೇಳಿಸಿದರು. ಅವನು ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಜೋಳದ ಹಿಟ್ಟಿನ ಡಬ್ಬಿ ತೋರಿಸಿದ. ಅವರಲ್ಲೂ ಜೋಳವೇ ಅನ್ನವಂತೆ. ಅವತ್ತು ಜೋಳದ ನುಚ್ಚು ಬೇಯಿಸಿ ಹಾಲು ಹಾಕಿ ಕೊಟ್ಟರೆ ಮೂರು ಬಟ್ಟಲು ಉಂಡ. ಉಂಡು ಮುಖ ಆ ಕಡೆ ತಿರುಗಿಸಿ ಅತ್ತ. ಇಷ್ಟು ಎತ್ತರದ ಗಂಡಸು ಅಳುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಹೊಟ್ಟೆಗೆ ದಾರಿಯಾಯಿತು, ಮನಸ್ಸಿಗೆ ಆಗಲಿಲ್ಲ. ಅದಕ್ಕೆ ದಾರಿ ಮಾಡಿದ್ದು ಸರ್ದಾರ.

ಸರ್ದಾರ ಎಂದರೆ ಅಣ್ಣನ ಹೋರಿ. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹೋರಿ ಹಬ್ಬ ನಡೆಯುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಎರಡೂ ಕಡೆ ಬೇಲಿ ಹಾಕಿದ ಅಖಾಡದಲ್ಲಿ ಓಡಲು ಬಿಡುತ್ತಾರೆ. ನುಗ್ಗಿ ಬರುವ ಹೋರಿಯನ್ನು ಹಿಡಿದು ಕೊಬ್ಬರಿ ಹರಿಯುವವನು ಗಂಡು. ಯಾರ ಕೈಗೂ ಸಿಗದೆ ದಾಟಿ ಹೋಗುವ ಹೋರಿ ಸರ್ದಾರ. ನಮ್ಮದು ಮೂರು ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. ಅಣ್ಣ ಮಕ್ಕಳಿಲ್ಲದವನು, ಇದ್ದಬದ್ದ ಮರ್ಯಾದೆಯನ್ನೆಲ್ಲ ಆ ಹೋರಿಯ ಕೋಡಿಗೆ ಕಟ್ಟಿದ್ದ. ದಿನಾ ಬೆಳಿಗ್ಗೆ ಹುರುಳಿ, ಹತ್ತಿಕಾಳು. ಲಿಂಗ ಕಟ್ಟಿದ ಮನೆಯೊಳಗೆ ಮೊಟ್ಟೆ ತರಬಾರದೆಂದು ಅತ್ತಿಗೆ ತಾಕೀತು ಮಾಡಿದ್ದರಿಂದ ಕೊಟ್ಟಿಗೆಯ ಹಿಂದೆ ನಿಂತು ಒಡೆದು ಕುಡಿಸುತ್ತಿದ್ದ. ಸಂಜೆ ತಾಲೀಮು. ಅದರ ಕಿವಿಯ ಹತ್ತಿರ ತಗಡು ಬಡಿಯುವುದು, ಕಾಲ ಬಳಿ ಪಟಾಕಿ ಸಿಡಿಸುವುದು, ಬಾರುಕೋಲಿನಿಂದ ಗಾಳಿ ಸೀಳುವುದು. ಮನುಷ್ಯನನ್ನು ಕಂಡರೆ ಅದು ಹೆದರಬೇಕು, ಹೆದರಿ ಹಾಯಬೇಕು. ಅಣ್ಣನನ್ನು ಬಿಟ್ಟು ಯಾರು ಹತ್ತಿರ ಹೋದರೂ ಸರ್ದಾರ ನೆಲ ಕೆರೆದು ಕೋಡು ಇಳಿಸುತ್ತಿತ್ತು. ಹಿಂದಿನ ವರ್ಷ ನನ್ನ ತೊಡೆಗೇ ಹಾಯ್ದಿತ್ತು.

ಒಂದು ಸಂಜೆ ಮಜೋಕ್ ಈ ತಾಲೀಮು ನೋಡಿದ. ಪಟಾಕಿ ಸಿಡಿಯಿತು, ಸರ್ದಾರ ಹಗ್ಗ ಜಗ್ಗಿ ಗೂಟದ ಸುತ್ತ ಸುತ್ತಿತು. ಬಾಯಿಂದ ನೊರೆ ಬಂದಿತ್ತು. ಮಜೋಕ್ ಅಣ್ಣನ ಕೈಯಿಂದ ಬಾರುಕೋಲು ಕಿತ್ತು ದೂರ ಎಸೆದ.

"ಕೇಳೋ ಇವನ್ನ, ಯಾರ ಹೋರಿ ಇದು ಅಂತ!" ಎಂದು ಅಣ್ಣ ನನ್ನ ಮೇಲೆ ಕೂಗಿದ. "ಇನ್ನೊಂದ್ಸಲ ಇವನು ಕೊಟ್ಟಿಗೆ ಹತ್ರ ಬಂದ್ರೆ ಕಾಲು ಮುರಿತೀನಿ. ಮಂದಿ ಕೈ ಬಳಕೆ ಆಯ್ತು ಅಂದ್ರೆ ಹೋರಿ ಕೆಡ್ತು ಅಂತಾನೇ ಲೆಕ್ಕ."

ನಾನು ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮಜೋಕ್ ನನ್ನ ಕಡೆ ತಿರುಗಿದ. ಅವರಲ್ಲಿ ಹುಡುಗ ದೊಡ್ಡವನಾದಾಗ ಹಣೆಗೆ ತನ್ನ ಹಾಗೆ ಗೆರೆ ಕೊಯ್ಯುತ್ತಾರೆ, ಅಪ್ಪ ಅವನಿಗೊಂದು ಹೋರಿ ಕೊಡುತ್ತಾನೆ, ಹುಡುಗ ಅದರ ಮೇಲೆ ಹಾಡು ಕಟ್ಟುತ್ತಾನೆ, ಅದರ ಬಣ್ಣವೇ ಅವನ ಹೆಸರಾಗುತ್ತದೆ ಎಂದ. ಮಜೋಕ್ ಎಂಬುದು ಕಪ್ಪು ಬಿಳುಪು ಮಚ್ಚೆಯ ಎತ್ತಿನ ಹೆಸರಂತೆ. "ನೀವು ಹೋರಿಗೆ ಮನುಷ್ಯರ ಬಿರುದು ಕೊಡುತ್ತೀರಿ, ನಾವು ಮನುಷ್ಯರಿಗೆ ಹೋರಿಯ ಹೆಸರು ಕೊಡುತ್ತೇವೆ" ಎಂದ. ನಮ್ಮಣ್ಣನ ಹೆಸರೂ ಅದೇ ಕಣೋ, ಬಸವ ಎಂದರೆ ಹೋರಿಯೇ ಎಂದೆ. ಅವನು ಕಣ್ಣು ಅರಳಿಸಿ ಅಣ್ಣನನ್ನೇ ಬಹಳ ಹೊತ್ತು ನೋಡಿದ. ಅಣ್ಣ ಬಾರುಕೋಲು ಹುಡುಕುತ್ತಿದ್ದ.

ಮಾರನೆಯ ದಿನದಿಂದ ಮತ್ತೆ ಊಟ ಬಿಟ್ಟ. ಹೊಲದಲ್ಲಿ ನಿಂತಲ್ಲೇ ನಿಂತಿರುತ್ತಿದ್ದ. ಕಾಲೇಜು ಬಿಟ್ಟು ಊರಿಗೆ ಹೋಗುತ್ತೇನೆ, ಟಿಕೆಟ್ ನೋಡುತ್ತಿದ್ದೇನೆ ಎಂದ. ಅಲ್ಲಿಗೆ ಹೋದರೆ ಯುದ್ಧ, ಇಲ್ಲಿದ್ದರೆ ಹೀಗೆ. ಅಷ್ಟರಲ್ಲಿ ಅವನು ನನ್ನನ್ನು ಅಣ್ಣ ಎಂದು ಕರೆಯಲು ಕಲಿತಿದ್ದ. ಅಣ್ಣ ಬಸಣ್ಣ ಬೆಳಗಿನ ಜಾವ ಹಾಲು ಹಾಕಲು ಡೇರಿಗೆ ಹೋಗಿ ಅಲ್ಲೇ ಒಂದು ಗಂಟೆ ಹರಟೆ ಹೊಡೆದು ಬರುತ್ತಿದ್ದ. ಆ ಒಂದು ಗಂಟೆ ಕೊಟ್ಟಿಗೆಯ ಬಾಗಿಲು ತೆಗೆದು ಕೊಟ್ಟವನು ನಾನು. ಹೋರಿಗೆ ಕೈ ಬಳಕೆಯಾದರೆ ಏನಾಗುತ್ತದೆಂದು ಗೊತ್ತಿದ್ದೂ ಕೊಟ್ಟೆ. ಒಂದೇ ದಿನ ಎಂದುಕೊಂಡೆ. ಅದು ಮೂರು ತಿಂಗಳು ನಡೆಯಿತು.

ಮೊದಲ ಬೆಳಿಗ್ಗೆ ನಾನು ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿದ್ದೆ. ಮಜೋಕ್ ಎರಡೂ ಕೈಗಳನ್ನು ತಲೆಯ ಮೇಲೆ ಕೋಡಿನ ಹಾಗೆ ಬಾಗಿಸಿ ಎತ್ತಿದ. ಮೂಗಿನಲ್ಲೇ ಏನೋ ಹಾಡಿದ. ಸರ್ದಾರ ಬುಸುಗುಟ್ಟಿತು, ಹಗ್ಗ ಜಗ್ಗಿತು, ಕೋಡು ಬೀಸಿತು. ಅವನು ಮುಂದೆ ಹೋಗಲಿಲ್ಲ, ಹಾಡು ನಿಲ್ಲಿಸಲೂ ಇಲ್ಲ. ಏಳೆಂಟು ದಿನಕ್ಕೆ ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತಿದ್ದ. ಕುಳ್ಳು ಸುಟ್ಟ ಬೂದಿಯನ್ನು ಬೆನ್ನಿಗೆ ತಿಕ್ಕುತ್ತಿದ್ದ. ಅವರ ಕಡೆ ನೊಣ ಓಡಿಸಲು ಹಾಗೆ ಮಾಡುತ್ತಾರಂತೆ. ಅಣ್ಣ ಅದನ್ನು ನೋಡಿ, "ಯಾರಲೇ ಇದಕ್ಕೆ ಮೈತುಂಬ ಇಬೂತಿ ಹಚ್ಚಿದ್ದು?" ಎಂದ. ನಾನೇ, ನೊಣ ಜಾಸ್ತಿಯಾಗಿದ್ದವು ಎಂದೆ. ಸುಳ್ಳು ಸಲೀಸಾಗಿ ಬಂತು. ತಮ್ಮನಿಗೆ ಹೋರಿಯ ಮೇಲೆ ಅಕ್ಕರೆ ಹುಟ್ಟಿತಲ್ಲ ಎಂದು ಅಣ್ಣ ಹಿಗ್ಗಿದ, ಅದು ನನ್ನನ್ನು ಚುಚ್ಚಿತು.

ಮಜೋಕ್ ಚೇತರಿಸಿಕೊಂಡ. ಅತ್ತಿಗೆಯನ್ನು ಅಕ್ಕ ಎಂದ, ಕನ್ನಡದ ಬೈಗುಳಗಳನ್ನು ಮೊದಲು, ಬೇರೆ ಮಾತನ್ನು ಆಮೇಲೆ ಕಲಿತ. ಹೊಲದಲ್ಲಿ ಸಾಲು ಸಾಲಾಗಿ ಗಿಡ ಎಣಿಸಿ, ಸುಳಿ ಬಿಡಿಸಿ, ಹುಳು ತೆಗೆದು ಬರೆದುಕೊಳ್ಳುತ್ತಿದ್ದ. ಮಳೆ ಬಡಿದರೂ ಬಿಡುತ್ತಿರಲಿಲ್ಲ. ಒಂದು ದಿನ ಹುಳುಗಳನ್ನು ಉಗುರಿನಲ್ಲಿ ಹೊಸಕುತ್ತಾ ಅವನ ಅಪ್ಪನ ಕಥೆ ಹೇಳಿದ. ದನ ಹೊಡೆದುಕೊಂಡು ಹೋಗಲು ಪಕ್ಕದ ಬುಡಕಟ್ಟಿನವರು ಬಂದೂಕು ಹಿಡಿದು ಬಂದಾಗ ಎಲ್ಲರೂ ಜೌಗಿನ ಕಡೆ ಓಡಿದರಂತೆ. ಅಪ್ಪ ಮಾತ್ರ ತನ್ನ ಹಾಡಿನ ಎತ್ತಿನ ಹಗ್ಗ ಬಿಚ್ಚಲು ಹಿಂದಕ್ಕೆ ಹೋದ. ಎತ್ತಿನ ಕೊರಳು ತಬ್ಬಿಕೊಂಡಿದ್ದವನನ್ನು ಹಾಗೆಯೇ ಗುಂಡಿಟ್ಟು ಕೊಂದರು. ಮಜೋಕ್ ಒಂಬತ್ತು ವರ್ಷದವನು, ಹುಲ್ಲಿನ ಮರೆಯಿಂದ ನೋಡಿದ್ದ. ಹೇಳಿ ಮುಗಿಸಿ ಬೆರಳು ಅಂಗಿಗೆ ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋದ.

ದೀಪಾವಳಿ ಬಂತು. ತೆನೆ ಮುರಿದು ಅವನ ಪ್ರಯೋಗದ ಕೆಲಸ ಮುಗಿದಿತ್ತು, ಇನ್ನು ವಾರದಲ್ಲಿ ಹೊರಡುವವನು. ಆ ಸಲ ಅಣ್ಣ ಸರ್ದಾರನನ್ನು ಅತ್ತಿಗೆಯ ತವರಿಗೆ, ಜಡೆ ಸೀಮೆಯ ಒಂದು ಹಳ್ಳಿಗೆ ಒಯ್ಯುತ್ತೇನೆಂದ. ಹೆಂಡತಿಯ ಊರಿನವರ ಮುಂದೆ ಗೆಲ್ಲಬೇಕೆಂಬ ಹಟ. ಮಜೋಕ್ ತಾನೂ ಬರುತ್ತೇನೆಂದ. ಬೇಡ ಎನ್ನಬೇಕಿತ್ತು. ಹೋರಿಗೆ ಶೃಂಗಾರ ಮಾಡಿ ಓಡಿಸುತ್ತಾರೆ, ಮೆರವಣಿಗೆಯ ಹಾಗೆ ಎಂದು ಹೇಳಿ ಕರೆದುಕೊಂಡು ಹೋದೆ. ನಿಜ ಹೇಳಿದರೆ ಎಲ್ಲಿ ಅಣ್ಣನ ಜತೆ ಜಗಳ ತೆಗೆಯುತ್ತಾನೋ ಎಂಬ ಭಯ.

ಗದ್ದೆಯ ನಡುವೆ ಬೇಲಿ ಕಟ್ಟಿದ ಅಖಾಡ, ಆಚೀಚೆ ಸಾವಿರಾರು ಜನ, ಮೈಕಿನಲ್ಲಿ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಹೋರಿ ಬಿಡುವ ತುದಿಯಲ್ಲಿ ಅಣ್ಣ, ದಾಟಿ ಬಂದದ್ದು ಎತ್ತ ಓಡಿತೆಂದು ಕಣ್ಣಿಡಲು ಈ ತುದಿಯಲ್ಲಿ ನಾನು, ನನ್ನ ಪಕ್ಕ ಮಜೋಕ್, ಹಿಂದೆ ತವರಿನ ಹೆಂಗಸರ ಜತೆ ಅತ್ತಿಗೆ. ನಮ್ಮ ಸರದಿಗೆ ಮೊದಲೇ ಹತ್ತು ಹನ್ನೆರಡು ಹೋರಿ ಹಾಯ್ದು ಹೋದವು. ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಪಕ್ಕೆ ಮುರಿಯಿತು. ಮಜೋಕ್ ಬೇಲಿಯ ಗಳುವನ್ನು ಹಿಡಿದುಕೊಂಡು ಬೆವರುತ್ತಿದ್ದ. "ಅಣ್ಣ, ಇದು ಮೆರವಣಿಗೆಯಲ್ಲ" ಎಂದ. ಗದ್ದಲದಲ್ಲಿ ಕೇಳಿಸದವನಂತೆ ನಿಂತೆ.

ಮೈಕು ಸರ್ದಾರನ ಹೆಸರು ಕೂಗಿತು. ಪಟಾಕಿ ಸರ ಹಚ್ಚಿದರು. ಬಾರುಕೋಲಿನ ಸದ್ದು. ಸರ್ದಾರ ಬಾಣದ ಹಾಗೆ ಹೊರಟಿತು. ಅರ್ಧ ದಾರಿಯಲ್ಲಿ ಕಟ್ಟುಮಸ್ತಾದ ಯುವಕನೊಬ್ಬ ಹಾರಿ ಅದರ ಕೋಡಿಗೆ ಜೋತುಬಿದ್ದ. ಹೋರಿ ಕತ್ತು ಒಂದು ಸಲ ಕೊಡವಿತು, ಕೋಡು ಅವನ ತೊಡೆಯಲ್ಲಿ ಹೊಕ್ಕಿತು. ಅವನನ್ನು ಎತ್ತಿಕೊಂಡೇ ನಾಲ್ಕು ಹೆಜ್ಜೆ ಓಡಿ ಬೇಲಿಗೆ ಅಪ್ಪಳಿಸಿ ಬಿಸಾಡಿತು. ಬೆಳ್ಳಗಿನ ಹೋರಿಯ ಮುಖ ಕೆಂಪಗಾಯಿತು. ಮುಂದೆ ಓಡುವ ಬದಲು ಅದು ದಾರಿ ಮಧ್ಯೆ ಗಿರಗಿರ ತಿರುಗತೊಡಗಿತು. ಬಿದ್ದವನು ಅದರ ಕಾಲ ಹತ್ತಿರವೇ ತೆವಳುತ್ತಿದ್ದ. ಒಳಗೆ ಇಳಿಯುವ ಗಂಡಸು ಆ ಸಾವಿರಾರು ಜನರಲ್ಲಿ ಒಬ್ಬನೂ ಇರಲಿಲ್ಲ.

ಮಜೋಕ್ ಬೇಲಿ ದಾಟಿದ್ದು ನನಗೆ ಗೊತ್ತಾಗಲಿಲ್ಲ. ನೋಡುವಾಗ ಅವನು ಅಖಾಡದ ನಡುವೆ ಎರಡೂ ಕೈಗಳನ್ನು ತಲೆಯ ಮೇಲೆ ಬಾಗಿಸಿ ನಿಂತಿದ್ದ. ಹಾಡುತ್ತಿದ್ದ. ಮೈಕು ನಿಂತಿತು, ಜನ ನಿಂತರು. ಸರ್ದಾರ ಬುಸುಗುಡುತ್ತಾ ಅವನತ್ತ ತಿರುಗಿತು, ಕೋಡು ಇಳಿಸಿತು, ಹಾಗೇ ನಡೆದು ಬಂದು ಅವನ ಎದೆಗೆ ಹಣೆ ಇಟ್ಟು ನಿಂತಿತು. ಬಿದ್ದವನನ್ನು ಯಾರೋ ಎಳೆದುಕೊಂಡು ಹೋದರು. ಅಷ್ಟಕ್ಕೇ ಬಿಟ್ಟಿದ್ದರೆ ಊರು ಅವನನ್ನು ಹೊತ್ತು ಮೆರೆಸುತ್ತಿತ್ತೇನೋ. ಆದರೆ ಹಬ್ಬದ ಲೆಕ್ಕ ಅವನಿಗೇನು ಗೊತ್ತು? ಕೊರಳಿಗೆ ಬಿಗಿದಿದ್ದ ಕೊಬ್ಬರಿ ಸರ ನೋಡಿದ. ಅದರ ದಾರ ಚರ್ಮ ಕೊರೆದಿತ್ತು. ಸರ ಹರಿದು ಕೈಗೆ ತೆಗೆದುಕೊಂಡ, ಒಂದು ಕೊಬ್ಬರಿ ಒಡೆದ, ಹೋರಿಯ ಬಾಯಿಗೆ ಇಟ್ಟ. ಮೂರು ವರ್ಷ ಯಾರ ಕೈಗೂ ಸಿಗದ ನಮ್ಮ ಸರ್ದಾರ ತನ್ನ ಮಾನವನ್ನು ತಾನೇ ಕರುಮ್ ಕರುಮ್ ಎಂದು ಅಗಿದು ತಿಂದಿತು.

ಆ ನಗೆ! ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಎಂದೂ ಕೇಳಿಲ್ಲ. ಮೈಕಿನವನು, "ಶಿಕಾರಿಪುರದ ಸರ್ದಾರ ಕರಿಯನ ಕೈಲಿ ಕುರಿಮರಿ ಆಯ್ತಲ್ರಪೋ!" ಎಂದು ಕೂಗಿದ. ಅಣ್ಣ ಆ ತುದಿಯಿಂದ ಓಡಿ ಬಂದ. ಮುಖದಲ್ಲಿ ಜೀವವೇ ಇರಲಿಲ್ಲ. ಹೋರಿಯನ್ನು ನೋಡಿದ, ಮಜೋಕನನ್ನು ನೋಡಿದ, ನನ್ನ ಕಡೆ ತಿರುಗಿದ.

"ಹೆಂಗೆ ಬಳಕೆ ಆಯ್ತಲೇ ಇದು ಇವನಿಗೆ? ಯಾರು ಬಿಟ್ಟಿದ್ದು ಕೊಟ್ಟಿಗೆಗೆ?"

ಮಜೋಕನಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಅವನು ನಗುಮುಖದಿಂದಲೇ ನನ್ನ ಕಡೆ ಕೈ ತೋರಿಸಲು ಹೊರಟ. ಬಾಯಿ ತೆರೆದ. ಆ ಬಾಯಿಂದ ಮಾತು ಹೊರಡುವ ಮೊದಲೇ ನಾನು ನುಗ್ಗಿ, "ಕಳ್ಳ ಸೂಳೆಮಗನೇ, ಕದ್ದು ನುಗ್ಗಿದ್ಯಾ" ಎಂದು ಅವನ ಕೆನ್ನೆಗೆ ಬಾರಿಸಿದೆ. ಬಾಯಿ ಮುಚ್ಚಿಸಲು ಹೊಡೆದ ಏಟು ಅದು. ಅವನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಯವನೇ ಹೊಡೆದ ಮೇಲೆ ಊರವರಿಗೇನು ಅಡ್ಡಿ? ಬೇಲಿ ಮುರಿದು ಜನ ಒಳಗೆ ಬಂದರು. ಅಣ್ಣ ಬಾರುಕೋಲು ಬೀಸಿದ. ಯಾರೋ ಗಳು ಕಿತ್ತು ತಂದರು, ಯಾರೋ ಕಾಲಿನಿಂದ ಒದ್ದರು. ಅವನ ಹೆಸರು ಗೊತ್ತಿಲ್ಲದ, ಅವನನ್ನು ಅರ್ಧ ಗಂಟೆಯ ಹಿಂದೆ ನೋಡಿಯೂ ಇರದ ಮಂದಿ ಹಲ್ಲು ಕಚ್ಚಿಕೊಂಡು ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಹಸಿ ಕಡ್ಡಿ ಮುರಿದಂತೆ. "ಬಿಡ್ರಲೇ, ಸಾಕು ಬಿಡ್ರಲೇ" ಎಂದು ಕೂಗಿದೆ, ಯಾರಿಗೂ ನನ್ನ ಮಾತು ಬೇಕಿರಲಿಲ್ಲ. ಅವನು ಒಂದು ಕೈಯಿಂದ ತಲೆ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಸರ್ದಾರನ ಮೂಗುದಾರ ಹಿಡಿದೇ ಇದ್ದ. ಬಿಟ್ಟರೆ ಹೋರಿ ಜನರ ಮೇಲೆ ಹಾಯುತ್ತದೆಂದು ಅವನಿಗೆ ಗೊತ್ತಿತ್ತು.

ಕೊನೆಗೆ ಬಿಡಿಸಿದ್ದು ಅತ್ತಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರನ್ನು ಸೀಳಿಕೊಂಡು ಬಂದು ಅವನ ಮೇಲೆ ಅಡ್ಡ ಬಿದ್ದರು. "ನನ್ನ ತವರಿನ ಗಂಡಸರು ಅಲ್ದನ ನೀವು? ಹೊಡೀರಿ. ನನ್ನ ತಲೆಗೆ ಹೊಡೀರಿ ಮೊದಲು, ಧೈರ್ಯ ಇದ್ರೆ" ಎಂದು ಚೀರಿದರು. ಎತ್ತಿದ ಗಳುಗಳು ಇಳಿದವು. ಮನೆಮಗಳ ಮೇಲೆ ಕೈ ಎತ್ತುವಷ್ಟು ಕೆಟ್ಟಿರಲಿಲ್ಲ ಆ ಊರು.

ಸೊರಬದ ಆಸ್ಪತ್ರೆಗೆ ಒಯ್ದೆವು. ಮುಂಗೈ ಎರಡು ಕಡೆ ಮುರಿದಿತ್ತು, ಕಿವಿ ಹರಿದಿತ್ತು, ಬೆನ್ನಿನ ತುಂಬ ಬಾಸುಂಡೆ. ತೊಡೆಗೆ ಕೋಡು ಹೊಕ್ಕವನೂ ಪಕ್ಕದ ವಾರ್ಡಿನಲ್ಲೇ ಬದುಕಿ ಉಳಿದ. ಪೊಲೀಸರು ಬರುವ ಮೊದಲೇ ಹಬ್ಬ ನಡೆಸಿದ ಹಿರಿಯರು ಬಂದು ಉಪಾಯ ಹೇಳಿದರು. ಹಬ್ಬದಲ್ಲಿ ಹೋರಿ ಹಾಯ್ದರೆ ಯಾರ ಮೇಲೂ ತಪ್ಪಿಲ್ಲ, ಹುಡುಗ ಹಾಗಂತ ಒಂದು ಮಾತು ಹೇಳಿದರೆ ಎಲ್ಲರೂ ಪಾರು. ನಾನೇ ಮಂಚದ ಪಕ್ಕ ಕೂತು ಕಿವಿಯಲ್ಲಿ ಹೇಳಿದೆ: "ಹೋರಿ ಹಾಯ್ದಿತು ಅನ್ನು ಮಜೋಕ್. ನಿನ್ನ ಓದಿಗೂ ತೊಂದರೆಯಾಗುವುದಿಲ್ಲ."

ಕಾನ್‌ಸ್ಟೇಬಲ್ ಬಂದು ಕೇಳಿದರು. ಮಜೋಕ್ ಊದಿದ ತುಟಿಯಿಂದ ಒಂದೊಂದೇ ಮಾತು ಹೇಳಿದ. "ಹೋರಿ ನನ್ನನ್ನು ಮುಟ್ಟಿಲ್ಲ. ಹೋರಿಯ ಮೇಲೆ ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೊಡೆದರು." ಯಾರು ಎಂದರೆ, "ಮೊದಲು ಇವರು" ಎಂದು ನನ್ನನ್ನು ತೋರಿಸಿದ. "ಉಳಿದವರ ಮುಖ ನೋಡಲಿಲ್ಲ." ಅಣ್ಣನ ಬಾರುಕೋಲನ್ನು ಅವನು ನೋಡದೇ ಇರಲು ಸಾಧ್ಯವಿರಲಿಲ್ಲ. ಆದರೂ ನನ್ನ ಹೆಸರನ್ನು ಮಾತ್ರ ಹೇಳಿದ. ಬರೆದುಕೊಂಡ ಕಾನ್‌ಸ್ಟೇಬಲ್, "ದೂರು ಕೊಡ್ತೀರಾ ಇಲ್ವಾ ಯೋಚನೆ ಮಾಡಿ, ನಾಳಿದ್ದು ಬಂದು ಸಹಿ ತಗೊಳ್ತೀನಿ" ಎಂದು ಹೋದರು.

ಕೇಸಾದರೆ ಜೈಲು. ಅಣ್ಣ ಟವೆಲು ಕೈಯಲ್ಲಿ ಹಿಡಿದು ಮಂಚದ ಬಳಿ ಹೋಗಿ, "ಏನ್ ಬೇಕು ಕೇಳೋ ಅವನ್ನ" ಎಂದ. ಮಜೋಕ್ ಹೇಳಿದ: "ನಮ್ಮಲ್ಲಿ ಒಬ್ಬನ ಮೂಳೆ ಮುರಿದರೆ ಮುರಿದವರ ಮನೆಯವರು ದನ ಕೊಡುತ್ತಾರೆ. ಕೊಟ್ಟ ಮೇಲೆ ಜಗಳ ಮುಗಿಯಿತು. ನನಗೆ ಸರ್ದಾರ ಬೇಕು."

"ಬೇಕಾದ್ರೆ ನನ್ನ ಕೈ ಮುರೀಲಿ. ಹೋರಿ ಕೊಡಲ್ಲ" ಎಂದು ಅಣ್ಣ ಹೊರಗೆ ಹೋದ.

ಅಖಾಡದಲ್ಲೇ ಅವನು ಸರ್ದಾರನನ್ನು ಚರ್ಮ ಏಳುವಂತೆ ಬಡಿದಿದ್ದ. ಮನೆಗೆ ಹೋದ ಮೇಲೆ ಅದೇ ಗಾಯಗಳಿಗೆ ಅರಿಸಿನ ಎಣ್ಣೆ ಹಚ್ಚುತ್ತಾ ಅದರ ಕಾಲ ಬುಡದಲ್ಲಿ ಕೂತಿದ್ದನೆಂದು ಅತ್ತಿಗೆ ಹೇಳಿದರು. ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಒಂದು ಪಿಕಪ್ ಗಾಡಿ ಬಂದು ನಿಂತಿತು. ಹಿಂದೆ ಸರ್ದಾರ, ಪಕ್ಕದಲ್ಲಿ ಹಗ್ಗ ಹಿಡಿದು ಅಣ್ಣ. ಮಜೋಕ್ ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ನನ್ನ ಜತೆ ಹೊರಗೆ ಬಂದ. ಅಣ್ಣ ಹಗ್ಗವನ್ನು ಅವನ ಎಡಗೈಗೆ ಕೊಟ್ಟ.

"ತಗೋಪ್ಪಾ. ಹೋರಿ ಇನ್ನೊಂದು ಕಟ್ಬೋದು. ತಮ್ಮ ಇರೋನು ಒಬ್ಬನೇ." ಟವೆಲಿನಿಂದ ಮುಖ ಒರೆಸಿಕೊಂಡ. "ಮೊದ್ಲಿಂದ್ಲೂ ಸಿಟ್ಟು ಜಾಸ್ತಿ ಇವನಿಗೆ. ನನ್ನ ಮಾನ ಹೋತು ಅಂತ ತಡಕೊಳ್ಳಾಕೆ ಆಗ್ಲಿಲ್ಲ. ಹೊಟ್ಟೆಗೆ ಹಾಕ್ಕೋ."

ಆ ಕ್ಷಣ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಸುಮ್ಮನಿದ್ದೆ. ಬಿಟ್ಟಿಯಾಗಿ ಬಚಾವಾದೆನಲ್ಲ ಎಂಬ ಸಣ್ಣ ನೆಮ್ಮದಿಯೂ ಆಯಿತು, ಮುಚ್ಚಿಡುವುದೇಕೆ?

ಮಜೋಕ್ ಸರ್ದಾರನ ಬೆನ್ನಿನ ಬಾಸುಂಡೆಗಳ ಮೇಲೆ ಕೈ ಆಡಿಸಿದ. ಹಚ್ಚಿದ ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ಮೂಸಿದ. ಆಮೇಲೆ ಹಗ್ಗವನ್ನು ತಿರುಗಿ ಅಣ್ಣನ ಕೈಯಲ್ಲೇ ಇಟ್ಟ. ಅವರಲ್ಲಿ ದನ ಇರುವವನು ನಂಬಿಕೆಯವರ ಕೊಟ್ಟಿಗೆಯಲ್ಲಿ ತನ್ನ ದನ ಬಿಡುವುದುಂಟಂತೆ. "ಇದು ನನ್ನದು, ದೊಡ್ಡಣ್ಣ. ನೀವು ಸಾಕಿ. ಅಖಾಡಕ್ಕೆ ಮಾತ್ರ ಬೇಡ" ಎಂದು ಕನ್ನಡದಲ್ಲೇ ಹೇಳಿದ.

ಅಣ್ಣ ಕಕ್ಕಾಬಿಕ್ಕಿಯಾದ. ನನಗೂ ತಡೆಯಲಾಗಲಿಲ್ಲ. ಅಷ್ಟು ದಿನ ಜತೆಗಿದ್ದವನು ನಾನು, ಕೊಟ್ಟಿಗೆಯ ಬಾಗಿಲು ತೆಗೆದುಕೊಟ್ಟವನು ನಾನು. "ಬಾರುಕೋಲು ಬೀಸಿದವನ ಕೈಗೆ ಕೊಡುತ್ತೀಯಲ್ಲ, ನಾನು ನೋಡಿಕೊಳ್ಳುತ್ತಿರಲಿಲ್ಲವೇ?" ಎಂದೆ.

"ಅವರು ಹೊಡೆದದ್ದು ಹೋರಿಯ ಮೇಲಿನ ಪ್ರೀತಿಗೆ" ಎಂದ ಮಜೋಕ್. ಅದನ್ನೂ ಕನ್ನಡದಲ್ಲೇ ಹೇಳಿದ, ಅಣ್ಣನಿಗೆ ಕೇಳಲಿ ಎಂದೇ. "ನೀವು ಹೊಡೆದದ್ದು ಹೆದರಿಕೆಗೆ."

"ಹೆದ್ರಿಕೆನಾ?" ಅಣ್ಣ ನನ್ನ ಕಡೆ ತಿರುಗಿದ. "ಏನ್ ಹೆದ್ರಿಕೆನೋ ನಿಂಗೆ, ಮಹೇಶ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಮಜೋಕ್ ಸರ್ದಾರನ ಕಿವಿ ತುರಿಸುತ್ತಾ ಕಾಯುತ್ತಿದ್ದ. ಆ ಗೇಟಿನ ಮುಂದೆ, ಔಷಧಿ ಚೀಟಿ ಹಿಡಿದು ಓಡಾಡುವ ಜನರ ನಡುವೆ ನಿಂತು ಎಲ್ಲ ಹೇಳಿದೆ. ಡೇರಿಗೆ ಹೋದ ಹೊತ್ತು, ತೆಗೆದುಕೊಟ್ಟ ಬಾಗಿಲು, ಬೂದಿಯ ಸುಳ್ಳು, ಅಖಾಡದ ಏಟು. ಅಣ್ಣ ಹೊಡೆಯುತ್ತಾನೆಂದುಕೊಂಡೆ, ಹೊಡೆಯಲಿ ಎಂದೂ ಬೇಡಿಕೊಂಡೆ. ಅವನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಗಾಡಿ ಹತ್ತಿ ಸರ್ದಾರನ ಪಕ್ಕ ಕೂತ. ಡ್ರೈವರಿಗೆ "ನಡಿ" ಎಂದ. ನಾನು ಬಸ್ಸಿನಲ್ಲಿ ಊರಿಗೆ ಬಂದೆ.

ದೂರಿಗೆ ಮಜೋಕ್ ಸಹಿ ಹಾಕಲಿಲ್ಲ. ಓದು ಮುಗಿಸಿ ಅವನ ದೇಶದಲ್ಲೇ ಈಗ ಕೆಲಸದಲ್ಲಿದ್ದಾನೆ. ಸರ್ದಾರ ಆಮೇಲೆ ಯಾವ ಅಖಾಡಕ್ಕೂ ಇಳಿಯಲಿಲ್ಲ, ಗೂಳಿಯಂತೆ ಕೊಬ್ಬಿದೆ. ಮನೆ ಹೋಳಾಗಲಿಲ್ಲ, ಅಣ್ಣ ನನ್ನ ಜತೆ ಬೆಲೆ, ಮಳೆ, ಗೊಬ್ಬರದ ಮಾತಾಡುತ್ತಾನೆ, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ಭಾನುವಾರ ಸಂಜೆ ಅಣ್ಣ ಕೊಟ್ಟಿಗೆಯಲ್ಲಿ ಕೂತಾಗ ಅವನ ಫೋನಿಗೆ ಮಜೋಕನ ವಿಡಿಯೊ ಕರೆ ಬರುತ್ತದೆ. ಒಬ್ಬನಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬನ ಕನ್ನಡ ಮುಕ್ಕಾಲು ಮರೆತಿದೆ, ಆದರೂ ಅರ್ಧ ಗಂಟೆ ಮಾತಾಡುತ್ತಾರೆ. ಕೊಟ್ಟಿಗೆಯ ಗೋಡೆ ನನ್ನ ಕೋಣೆಗೆ ಅಂಟಿಕೊಂಡಿದೆ, ಎಲ್ಲ ಕೇಳಿಸುತ್ತದೆ. ಕಳೆದ ಭಾನುವಾರ ಅತ್ತಿಗೆ ಫೋನು ಇಸಿದುಕೊಂಡು, "ಮಹೇಶ ಇಲ್ಲೇ ಒಳಗೆ ಅದಾನೆ ಕಣಪ್ಪ, ಕೊಡ್ಲಾ?" ಎಂದರು. ನಾನು ಎದ್ದು ನಿಂತೆ. ಚಪ್ಪಲಿಯನ್ನೂ ಮೆಟ್ಟಿದೆ.

"ಬೇಡ ಅಕ್ಕ" ಎಂದ ಮಜೋಕ್. "ಸರ್ದಾರನಿಗೆ ಕೊಡಿ."